ಕಡಲಯಾನದ ಎರಡನೇ ಸಂಪುಟ

ನಯನ ಅಮೃತೇಶನಿಗೆ ಮೊಟ್ಟಮೊದಲು ಕೊಟ್ಟದ್ದು ಒಂದು ಏಟು. ಮರದ ಕೊಡತಿಯಿಂದ, ಹಣೆಯ ಎಡಗಡೆಗೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ.

ಹೊಡೆಯಲು ಕಾರಣವಿತ್ತು. ನಂಜನಗೂಡಿನಲ್ಲಿ ಅವಳದು ಪುಸ್ತಕ ಬೈಂಡಿಂಗ್ ಅಂಗಡಿ. ಅಪ್ಪ ಬಸವಣ್ಣನವರ ಕಾಲದಲ್ಲಿ ಕಚೇರಿಯ ರಿಜಿಸ್ಟರುಗಳಿಗೆ ರಟ್ಟು ಹಾಕುತ್ತಿದ್ದ ಜಾಗಕ್ಕೆ ಈಗ ಮೈಸೂರಿನಿಂದಲೂ ಹಳೆಯ ಪುಸ್ತಕಗಳು ರಿಪೇರಿಗೆ ಬರುತ್ತಿದ್ದವು. ಹದಿನೈದು ದಿನದ ಹಿಂದೆ ತಿ. ನರಸೀಪುರದಿಂದ ಪುಟ್ಟಲಕ್ಷ್ಮಮ್ಮ ಎರಡು ದಪ್ಪ ಸಂಪುಟ ತಂದುಕೊಟ್ಟಿದ್ದರು. ಇನ್ನೂರ ನಲವತ್ತು ವರ್ಷದ ಹಿಂದೆ ಲಂಡನ್ನಿನಲ್ಲಿ ಅಚ್ಚಾದ ಕಡಲಯಾನದ ಪುಸ್ತಕ. ಹೆಸರಿಲ್ಲದ ದ್ವೀಪಗಳನ್ನು ಹುಡುಕಿಕೊಂಡು ಹೋದ ಒಬ್ಬ ಕ್ಯಾಪ್ಟನ್ನಿನ ದಿನಚರಿ. ಅವರ ಯಜಮಾನರು, ತೀರಿಕೊಂಡ ಬದರೀನಾರಾಯಣ ಮೇಷ್ಟ್ರು, ಇಂಥ ಪುಸ್ತಕಗಳಿಗಾಗಿ ಜೀವಮಾನವಿಡೀ ಅಲೆದವರು.

ನಯನ ಮೊದಲ ಸಂಪುಟವನ್ನು ಬಿಡಿಸಿ ನೋಡಿದ್ದಳು. ಯಾರೋ ಬ್ಲೇಡಿನಿಂದ ಏಳು ನಕಾಶೆ ಕುಯ್ದು ತೆಗೆದಿದ್ದರು. ಕುಯ್ದ ಅಂಚು ಹಸಿ ಗಾಯದ ಹಾಗಿತ್ತು. ಎರಡನೇ ಸಂಪುಟದಲ್ಲಿ ಹನ್ನೊಂದು ನಕಾಶೆಗಳೂ ಭದ್ರವಾಗಿದ್ದವು.

ಹಾಗಾಗಿ ಆ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಮೈದಾ ಅಂಟು ಕಾಯಿಸಿ ಹೊರಬಂದವಳಿಗೆ, ಅದೇ ಎರಡನೇ ಸಂಪುಟದ ಮೇಲೆ ಬಾಗಿ ನಿಂತ ಅಪರಿಚಿತನೂ ಅವನ ಕೈಯಲ್ಲಿ ಮಿನುಗುವ ವಸ್ತುವೂ ಕಂಡಾಗ, ಅವಳು ಯಾರು ಏನು ಎಂದು ಕೇಳಲಿಲ್ಲ.

ಅವನು ಮಂಡಿಯೂರಿ ಕುಸಿದ. ಹುಬ್ಬಿನ ಮೇಲಿಂದ ರಕ್ತ ಚಿಮ್ಮಿತು. ಅವನು ಮಾಡಿದ ಮೊದಲ ಕೆಲಸವೆಂದರೆ ಮುಖವನ್ನು ಮೇಜಿನಿಂದ ಆಚೆ ತಿರುಗಿಸಿ, ಹಣೆಯ ಕೆಳಗೆ ಬೊಗಸೆ ಒಡ್ಡಿದ್ದು.

"ಪುಸ್ತಕ ತೆಗೀರಿ ಮೊದ್ಲು! ರಕ್ತ ಬೀಳುತ್ತೆ!"

ನಯನಳ ಕೈ ಕೊಡತಿ ಸಮೇತ ಗಾಳಿಯಲ್ಲೇ ನಿಂತಿತು. ನೆಲದ ಮೇಲೆ ಒಡೆದು ಬಿದ್ದಿದ್ದದ್ದು ಬ್ಲೇಡಲ್ಲ, ಭೂತಗನ್ನಡಿ.

ಕ್ಲಿನಿಕ್ಕಿನಲ್ಲಿ ಮೂರು ಹೊಲಿಗೆ ಬಿದ್ದವು. ಅವನ ಪಕ್ಕದ ಬೆಂಚಿನಲ್ಲಿ ಕೂತು ಅವಳು ಪುಟ್ಟಲಕ್ಷ್ಮಮ್ಮ ಅವನ ಕೈಲಿ ಕಳಿಸಿದ್ದ ಚೀಟಿ ಓದಿದಳು. ಹೆಸರು ಅಮೃತೇಶ. ತಿ. ನರಸೀಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮೇಷ್ಟ್ರ ಇಚ್ಛೆಯಂತೆ, ರಿಪೇರಿಯಾದ ಮೇಲೆ ಸಂಪುಟಗಳು ಸೇರಬೇಕಾದ್ದು ಅವನಿಗೇ.

"ನಿಮ್ಮೂರಲ್ಲಿ ಬಾಗ್ಲು ತಟ್ಟದೆ ಒಳಗೆ ಬರ್ತಾರಾ?" ಎಂದಳು, ತಪ್ಪನ್ನು ಹೇಗೆ ಒಪ್ಪಿಕೊಳ್ಳುವುದೆಂದು ತಿಳಿಯದೆ.

"ಎರಡು ಸಲ ಕೂಗ್ದೆ ಕಣ್ರೀ. ಆಮೇಲೆ ಪುಸ್ತಕ ಕಾಣುಸ್ತು. ಇನ್ನೇನೂ ನೆನಪಾಗ್ಲಿಲ್ಲ." ಬ್ಯಾಂಡೇಜಿನ ಕೆಳಗಿನಿಂದ ಅವನ ಒಂದು ಕಣ್ಣು ನಕ್ಕಿತು. "ನಂಜನಗೂಡಲ್ಲಿ ಎಲ್ಲಾ ಗಿರಾಕಿಗೂ ಇದೇ ಮರ್ಯಾದೇನಾ?"

"ಇಲ್ಲ. ಹೇಳದೆ ಕೇಳದೆ ಪುಸ್ತಕ ಮುಟ್ಟೋರಿಗೆ ಮಾತ್ರ."

ಆಮೇಲೆ ಅವನು ಪ್ರತಿ ಗುರುವಾರ ಬಸ್ಸು ಹತ್ತಿ ಬರತೊಡಗಿದ. ಹೊಲಿಗೆ ಬಿಚ್ಚಿಸುವ ನೆಪ ಮುಗಿದ ಮೇಲೆ, ಬೈಂಡಿಂಗ್ ಎಲ್ಲಿಗೆ ಬಂತು ಎಂದು ನೋಡುವ ನೆಪ. ಗ್ರೀಸ್ ಹತ್ತಿದ ಕೈಗಳನ್ನು ಎರಡೆರಡು ಸಲ ಸೋಪು ಹಚ್ಚಿ ತೊಳೆದು, ಆಮೇಲೂ ಪುಟ ಮುಟ್ಟದೆ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ನೋಡುವನು. ಅವನು ನೋಡುವುದು ಯಾವಾಗ ಪುಟವನ್ನು, ಯಾವಾಗ ದಾರ ಎಳೆಯುವ ತನ್ನ ಬೆರಳನ್ನು ಎಂಬುದು ನಯನಳಿಗೆ ತಲೆ ಎತ್ತದೆಯೇ ಗೊತ್ತಾಗುತ್ತಿತ್ತು.

"ಮೋಟಾರ್ ರಿಪೇರಿಯೋರಿಗೆ ಸಮುದ್ರದ ಹುಚ್ಚು ಹೆಂಗೆ ಹತ್ತಿತು?" ಎಂದು ಒಮ್ಮೆ ಕೇಳಿದಳು.

"ಮೇಷ್ಟ್ರ ಮನೆ ಬಾವಿಗೆ ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡ್ತಿದ್ದೆ. ಮೇಷ್ಟ್ರು ಈ ಪುಸ್ತಕ ತಂದು, 'ಲೋ, ಈ ಕ್ಯಾಪ್ಟನ್ನೂ ನಿನ್ ಕೆಲಸಾನೇ ಮಾಡ್ತಿದ್ದ ಕಣೋ' ಅಂದ್ರು. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಕಡಲಿಗೆ ಇಳಿಬಿಡ್ತಿದ್ನಂತೆ. ತಳ ಸಿಗದೇ ಇದ್ರೆ, ಸಿಗಲಿಲ್ಲ ಅಂತ ಬರೆದು, ಮಾರನೇ ದಿನ ಮತ್ತೆ ಇಳಿಬಿಡ್ತಿದ್ನಂತೆ. ಆರು ವರ್ಷ ಮೇಷ್ಟ್ರ ಜತೆ ಕೂತು ಒಂದೊಂದೇ ಸಾಲು ಇಂಗ್ಲಿಷ್ ಬಿಡಿಸಿ ಓದ್ದೆ. ಈಗ ನನ್ನ ಹತ್ರಾನೇ ಹತ್ತೊಂಬತ್ತು ಪುಸ್ತಕ ಇದಾವೆ."

"ನಿಮಗೆ ಸಿಕ್ತಾ?"

"ಏನು?"

"ತಳ."

ಅವನು ಅವಳನ್ನು ನೋಡಿದ. ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ.

"ಇನ್ನೂ ಇಲ್ಲ" ಎಂದ.

ಆ ದಿನ ಅವಳು ಬದನವಾಳಿನ ಖಾದಿ ಬಟ್ಟೆಯನ್ನು ರಟ್ಟಿಗೆ ಎರಡು ಸಲ ಸೊಟ್ಟಗೆ ಅಂಟಿಸಿದಳು.

ಆ ಭಾನುವಾರ ಬೆಳಿಗ್ಗೆ, ಸಿದ್ಧವಾದ ಎರಡನೇ ಸಂಪುಟವನ್ನು ಎತ್ತಿಕೊಂಡು ನಯನ ತಿ. ನರಸೀಪುರಕ್ಕೆ ಹೋದಳು. ಮೇಷ್ಟ್ರ ಕಪಾಟಿನಲ್ಲಿ ಉಳಿದ ಪುಸ್ತಕಗಳನ್ನು ನೋಡಿ ಬರಬೇಕಿತ್ತು. ಹಿತ್ತಲಿನಲ್ಲಿ ಅಮೃತೇಶ ಬಾವಿಯಿಂದ ಮೋಟಾರು ಮೇಲೆತ್ತುತ್ತಿದ್ದ. ಕಿಟಕಿಯಿಂದ ಇಣುಕಿದವಳಿಗೆ ಅವನು ಪೈಪ್ ರೆಂಚ್ ಎತ್ತಿ ಸಲಾಮು ಹೊಡೆದ. ಪುಟ್ಟಲಕ್ಷ್ಮಮ್ಮ ಕಾಫಿ ಲೋಟ ಕೊಡುತ್ತಾ, "ಇವತ್ತು ಮೋಟಾರ್ ರಿಪೇರಿಗೆ ಇಸ್ತ್ರಿ ಶರ್ಟು ಹಾಕ್ಕೊಂಡು ಬಂದಿದಾನೆ ಕಣಮ್ಮ" ಎಂದು ಸಣ್ಣಗೆ ನಕ್ಕರು.

ನಗು ಮುಗಿಯುವ ಮೊದಲೇ ಬೀದಿಬಾಗಿಲು ದಢಾರನೆ ಗೋಡೆಗೆ ಬಡಿಯಿತು.

ಬಂದವನು ಮೇಷ್ಟ್ರ ತಮ್ಮನ ಮಗ ಕೃಷ್ಣಪ್ರಸಾದ್. ಹಿಂದೆ ಇಬ್ಬರು ದಾಂಡಿಗರು, ಒಬ್ಬನ ಕೈಯಲ್ಲಿ ಕಬ್ಬಿಣದ ರಾಡು. ಮೊದಲ ಸಂಪುಟದ ನಕಾಶೆಗಳನ್ನು ಕುಯ್ದು, ಫ್ರೇಮು ಹಾಕಿಸಿ ರೆಸಾರ್ಟುಗಳ ಗೋಡೆಗೆ ಮಾರಿದವನು ಅವನೇ. ದೊಡ್ಡಮ್ಮನಿಗೆ ಅದು ಗೊತ್ತಿತ್ತು. ಮನೆಯ ಹುಡುಗ ಎಂದು ಬಾಯಿ ಬಿಟ್ಟಿರಲಿಲ್ಲ.

"ಬೀದೀಲಿ ಹೋಗೋ ಮೆಕ್ಯಾನಿಕ್‌ಗೆ ನಮ್ಮನೆ ಪುಸ್ತಕ ದಾನ ಮಾಡ್ತೀಯಾ ದೊಡ್ಡಮ್ಮ? ಎರಡನೇದು ಎಲ್ಲಿ?"

"ಪ್ರಸಾದು, ಅದನ್ನ ಮುಟ್ಟಬೇಡ. ಅವರ ಕೊನೇ ಮಾತು ಅದು."

ಅವನು ಅವರ ತೋಳು ಹಿಡಿದು ಪಕ್ಕಕ್ಕೆ ಎಸೆದ. ಎಪ್ಪತ್ತಾರು ವರ್ಷದ ಜೀವ ಹೊಸ್ತಿಲ ಮೇಲೆ ಬಿತ್ತು. ಮಣಿಕಟ್ಟು ಲಟಕ್ಕೆಂದು ಮುರಿದ ಸದ್ದು ನಯನಳಿಗೆ ಕೇಳಿಸಿತು. ಅವರ ಚೀತ್ಕಾರ ಆಮೇಲೆ ಬಂತು.

ನಯನ ಸಂಪುಟವನ್ನು ಎದೆಗವಚಿಕೊಂಡಳು. ಕೃಷ್ಣಪ್ರಸಾದ್ ಜುಟ್ಟು ಹಿಡಿದು ಎಳೆದ. ಅವಳು ಅವನ ಮುಂಗೈಗೆ ಬಾಯಿ ಹಾಕಿ, ನಾಲಿಗೆಗೆ ಉಪ್ಪುರಕ್ತ ತಾಗುವವರೆಗೂ ಕಚ್ಚಿದಳು. ಅವನು ಕಿರುಚಿ ಜೇಬಿನಿಂದ ಪೇಪರ್ ಕಟರ್ ತೆಗೆದ. ಬ್ಲೇಡು ಪುಸ್ತಕದತ್ತ ಬಂದಾಗ ಅವಳು ಯೋಚಿಸದೆ ಬಲಗೈ ಅಡ್ಡ ಒಡ್ಡಿದಳು. ಮೊದಲು ತಣ್ಣಗಾಯಿತು. ಆಮೇಲೆ ಅಂಗೈ ತುಂಬ ಬೆಂಕಿ. ಬೆರಳುಗಳನ್ನು ಮಡಚಲು ನೋಡಿದಳು, ಎರಡು ಮಡಚಲಿಲ್ಲ.

ಹಿತ್ತಲ ಬಾಗಿಲಿನಿಂದ ಅಮೃತೇಶ ನುಗ್ಗಿದ. ರಾಡು ಅವನ ಪಕ್ಕೆಗೆ ಬಿತ್ತು. ಅವನು ಬಾಗಿದ, ಬಾಗಿದಲ್ಲಿಂದಲೇ ಪೈಪ್ ರೆಂಚನ್ನು ಆ ದಾಂಡಿಗನ ಮೊಣಕಾಲಿಗೆ ಬೀಸಿದ. ದಾಂಡಿಗ ಬಿದ್ದ ರೀತಿ ನೋಡಿಯೇ ಇನ್ನೊಬ್ಬ ಬೀದಿಗೆ ಓಡಿದ. ಕುಂಟುತ್ತ ರಾಡಿನವನೂ ಹಿಂದೆ ಹೋದ. ಕೃಷ್ಣಪ್ರಸಾದ್ ಒಬ್ಬನೇ ಉಳಿದ. ಅಮೃತೇಶ ಅವನನ್ನು ನೆಲಕ್ಕೆ ಕೆಡವಿ ಭುಜಕ್ಕೆ ಒಂದು ಕೊಟ್ಟ. ಇನ್ನೊಂದು ಕೊಟ್ಟ. ಮೂರನೆಯದಕ್ಕೆ ರೆಂಚು ಅವನ ತಲೆಯ ನೇರಕ್ಕೆ ಮೇಲೇರಿತು.

"ಅಮೃತೇಶ್, ಬೇಡ! ಸತ್ತೋಗ್ತಾನೆ!"

ನಯನ ಅವನ ತೋಳಿಗೆ ಜೋತುಬಿದ್ದಳು. ಅವನಿಗೆ ಅವಳು ಯಾರೆಂಬುದೂ ತಿಳಿಯಲಿಲ್ಲ. ತೋಳನ್ನು ಕೊಡವಿದ ರಭಸಕ್ಕೆ ಅವಳು ಹಾರಿ ಗೋಡೆಗೆ ಬಡಿದು ಕುಸಿದಳು.

ಆ ಸದ್ದಿಗೆ ಅವನು ತಿರುಗಿದ. ಬಿಳಿ ಗೋಡೆಯ ಮೇಲೆ ಅವಳ ಕೈಯ ರಕ್ತ ಉದ್ದಕ್ಕೆ ಗೆರೆ ಎಳೆದಿತ್ತು. ಅವನ ಕೈಯಿಂದ ರೆಂಚು ಜಾರಿತು. ಮುಖ ಮಗುವಿನ ಮುಖದಂತಾಯಿತು.

"ನಾನು ಮಾಡ್ದೆ ಇದನ್ನ" ಎಂದ. "ನಾನೇ ಮಾಡ್ದೆ."

ಅಕ್ಕಪಕ್ಕದವರು ಬಂದರು, ಆಂಬುಲೆನ್ಸ್ ಬಂತು, ಪೊಲೀಸರು ಬಂದರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಲ್ಲೇ ಪುಟ್ಟಲಕ್ಷ್ಮಮ್ಮ ಹೇಳಿಕೆ ಬರೆಸಿದರು. "ಮನೆ ಹುಡುಗ ಅಂತ ಸುಮ್ಮನಿದ್ದದ್ದು ನನ್ನ ತಪ್ಪು. ಏಳು ನಕಾಶೆ ಹೋದಾಗಲೇ ಹೇಳಬೇಕಿತ್ತು. ಬರ್ಕೊಳ್ಳಪ್ಪ, ನನ್ನ ಕೈ ಮುರಿದವನ ಹೆಸರು ಕೃಷ್ಣಪ್ರಸಾದ್." ಮೂಳೆ ಮುರಿದ ಭುಜದೊಂದಿಗೇ ಅವನು ಜೈಲಿಗೆ ಹೋದ.

ಅಮೃತೇಶನ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಅವನು ಆಸ್ಪತ್ರೆಯಿಂದ ಯಾರಿಗೂ ಹೇಳದೆ ಹೊರಟುಹೋದ. ನಯನಳ ಫೋನು ಎತ್ತಲಿಲ್ಲ. ಗುರುವಾರ ಬಂತು, ಇನ್ನೊಂದು ಗುರುವಾರ ಬಂತು. ಪುಟ್ಟಲಕ್ಷ್ಮಮ್ಮ ಸಂಪುಟ ಕಳಿಸಿದರೆ, ಇದನ್ನು ಇಟ್ಟುಕೊಳ್ಳುವ ಯೋಗ್ಯತೆ ತನಗಿಲ್ಲವೆಂದು ನಯನಳ ಅಂಗಡಿಗೆ ವಾಪಸ್ಸು ಕಳಿಸಿದ.

ಮೊದಮೊದಲು ನಯನಳಿಗೂ ಭಯವಿತ್ತು. ಕಣ್ಣು ಮುಚ್ಚಿದರೆ ಮೇಲೇರಿದ ಆ ತೋಳು ಕಾಣುತ್ತಿತ್ತು. ಬೆನ್ನಿನ ನೀಲಿ ಹಳದಿಯಾಗಿ, ಹಳದಿ ಮಾಸುವವರೆಗೂ ಅವಳು ತನ್ನೊಳಗೆ ವಾದಿಸಿದಳು. ಆ ತೋಳಿನಲ್ಲಿ ಕಂಡದ್ದು ಒಬ್ಬ ಮನುಷ್ಯನಾದರೆ, ಗೋಡೆಯ ಕಡೆ ತಿರುಗಿದ ಮುಖದಲ್ಲಿ ಕಂಡವನು ಯಾರು? ಐವತ್ತನೇ ದಿನ ಡಾಕ್ಟರು ಅವಳ ಕೈ ನೋಡಿ, ಬಲಗೈಯ ಎರಡು ಬೆರಳು ಇನ್ನು ಸೂಜಿ ಹಿಡಿಯಲಾರವು ಎಂದರು. ಅವಳು ಮನೆಗೆ ಹೋಗಲಿಲ್ಲ. ಅಂಗಡಿಯಿಂದ ಸಂಪುಟ ತೆಗೆದುಕೊಂಡು ಬಸ್ಸು ಹತ್ತಿದಳು.

ಅವನು ಅಂಗಡಿಯ ನೆಲದ ಮೇಲೆ ಕೂತು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಸೊರಗಿದ್ದ. ನೋಟ ಅವಳ ಕೈಗೆ ತಾಗಿ, ಸುಟ್ಟಂತೆ ಹಿಂದೆ ಸರಿಯಿತು.

"ನಾನು ಅವನನ್ನ ಕೊಂದೇ ಹಾಕ್ತಿದ್ದೆ ನಯನ. ನಿಮ್ಮನ್ನೂ..." ಅವನು ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. "ನನ್ನ ಕೈ ಕಂಡ್ರೆ ನಂಗೇ ಭಯ. ಹೋಗ್ಬಿಡಿ."

"ಹೇಳಿ ಆಯ್ತಾ? ಈಗ ನಾನು ಹೇಳ್ತೀನಿ, ಕೇಳು." ಅವಳು ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು. "ನೀನು ನನ್ನ ತಳ್ಳಿದ್ದನ್ನ ನಾನು ಮರೆಯಲ್ಲ. ಇನ್ನೊಂದು ಸಲ ಆದ್ರೆ ಆವತ್ತೇ ಕೊನೆ. ಅಳೋದು, ಕಾಲಿಗೆ ಬೀಳೋದು ಯಾವ್ದೂ ನಡೆಯಲ್ಲ. ಗೊತ್ತಾಯ್ತಾ?"

ಅವನು ತಲೆಯಾಡಿಸಿದ.

"ಆದ್ರೆ ಅವತ್ತು ನೀನು ಹೊಡೆಯೋದು ನಿಲ್ಲಿಸ್ದೆ ಅನ್ನೋದನ್ನೂ ಮರೆಯಲ್ಲ. ಐವತ್ತು ದಿನ ಎರಡನ್ನೂ ತೂಗಿ ನೋಡಿದೀನಿ. ಸುಮ್ಮನೆ ಬಂದಿಲ್ಲ." ಅವಳು ಸಂಪುಟವನ್ನು ಅವನ ಮೇಜಿನ ಮೇಲಿಟ್ಟು ಬಲಗೈ ಚಾಚಿದಳು. ಅಂಗೈಯುದ್ದದ ಕಲೆ ಇನ್ನೂ ಕೆಂಪಗಿತ್ತು. "ಈ ಎರಡು ಬೆರಳು ಮಡಚಲ್ಲ. ಹೊಲಿಯೋಕೆ ಆಗಲ್ಲ. ಮೇಷ್ಟ್ರ ಕಪಾಟಲ್ಲಿ ಬೆನ್ನು ಕಿತ್ತೋದ ಪುಸ್ತಕ ಮೂವತ್ತಿದಾವೆ. ಕೂದಲೆಳೆ ಥರದ ತಂತಿ ಸುತ್ತೋನು ದಾರ ಹಿಡಿಯೋದು ಕಲೀತಾನೆ. ನಾನು ಕಲಿಸ್ತೀನಿ."

"ಕೆಲಸಕ್ಕೆ ಕರೆಯೋಕೆ ಬಂದ್ಯಾ?" ಅವನು ಕೇಳಿದ.

"ಅಲ್ಲ ಅಂತ ನಿಂಗೂ ಗೊತ್ತು."

ಬೀದಿಯಲ್ಲಿ ಟ್ರಾಕ್ಟರೊಂದು ಸದ್ದು ಮಾಡುತ್ತ ಹೋಯಿತು. ಅವನು ನಿಧಾನವಾಗಿ, ಒಪ್ಪಿಗೆ ಕೇಳುವವನಂತೆ, ಅವಳ ಗಾಯದ ಕೈಯ ಕೆಳಗೆ ತನ್ನ ಕೈ ತಂದ. ಅವಳು ತನ್ನ ಕೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು.

"ಮೊದಲ ಗುರುವಾರದಿಂದಾನೂ ನೀನಂದ್ರೆ ನಂಗೆ ಜೀವ" ಎಂದ, ತಲೆ ತಗ್ಗಿಸಿ. "ಹೇಳೋಕೆ ಬಾಯಿ ಬರ್ಲಿಲ್ಲ."

"ನಂಗೂ ಅಷ್ಟೇ. ಈಗ ಬಂತಲ್ಲ."

"ನಂಜನಗೂಡಿಗೆ ದಿನಾ ಬಂದು ಹೋಗ್ಬೇಕಾ ಹಂಗಾದ್ರೆ?"

ನಯನ ಅವನ ಮುಖವನ್ನೇ ನೋಡಿದಳು. ಕಣ್ಣು ತುಂಬಿದ್ದವು, ತುಟಿ ಮಾತ್ರ ನಗುತ್ತಿತ್ತು.

"ಬರೋದೇನೋ ಸರಿ" ಎಂದಳು. "ಹೋಗೋದು ಬೇಡ."