ತಾಂಬೂಲದ ಚೀಲದೊಳಗಿನ ಚೆಂಡುಹೂವು

ಗಗನಳ ಹತ್ತಿರ ಅಜ್ಜಿಯ ಚೆಂಡುಹೂವಿನ ಅಚ್ಚ ಬೀಜ ಒಂದು ಚಿಟಿಕೆಯೂ ಇರಲಿಲ್ಲ.

ಇದ್ದದ್ದು ಹನಕೆರೆಯ ಮನೆಯ ಹಿತ್ತಲಲ್ಲಿ, ಬೇಲಿಗೆ ಒತ್ತಿಕೊಂಡು ಬೆಳೆದ ಆರು ಗಿಡ. ಕುಂಕುಮದ ಬಣ್ಣದ ಎಸಳು, ಅಂಚಿಗೆ ತೆಳ್ಳಗೆ ಅರಿಶಿನ. ಅಜ್ಜಿ ಹೊಂಬಾಳಮ್ಮ ಅದನ್ನು ಮುತ್ತೈದೆ ಚೆಂಡು ಎನ್ನುತ್ತಿದ್ದಳು. ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜವಂತೆ. ಈಚೆಗೆ ಬಿತ್ತಿದ್ದರಲ್ಲಿ ಮುಕ್ಕಾಲು ಗಿಡಗಳು ಬರೀ ಹಳದಿ ಹೂ ಬಿಟ್ಟು ಅಜ್ಜಿಯ ಬೈಗುಳ ತಿನ್ನುತ್ತಿದ್ದವು. ಈ ಆರೂ ಬೀಜ ಕೊಡದೆ ಒಣಗಿದರೆ ಆ ಹೂವಿನ ವಂಶ ಮುಗಿದಂತೆ.

ಬೇಲಿಯಾಚೆ ಸಿದ್ದರಾಜುವಿನ ಹೊಲ. ಮಾರ್ಕೆಟ್ಟಿಗೆ ಬೆಳೆದ ಹೈಬ್ರಿಡ್ ಚೆಂಡು, ಕಣ್ಣು ಕುಕ್ಕುವ ಹಳದಿ.

ಒಂದು ಬೆಳಿಗ್ಗೆ ನೀರು ಕಟ್ಟಲು ಬಂದವನು ಬೇಲಿಯ ಮೇಲೆ ಕತ್ತು ಚಾಚಿ ನಿಂತ. ಗಗನಳ ಗಿಡದ ಮೊಗ್ಗು ಮೊಗ್ಗಿಗೂ ಜರಿ ದಾರದ ಕೆಂಪು ಜಾಲರಿ ಚೀಲ.

"ಏನಮ್ಮಿ ಇದು, ಗಿಡಕ್ಕೆ ತಾಂಬೂಲ ಕೊಟ್ಟಿದ್ದೀಯಾ?"

"ನಿನ್ ಹೂವಿನ ಕಾಟಕ್ಕೆ ಕಟ್ಟಿರೋದು."

"ನನ್ ಹೂವ ಏನ್ ಮಾಡ್ತು?"

"ಜೇನುಹುಳ ನಿನ್ ಹೊಲ್ದಾಗೆ ಕೂತು ಸೀದಾ ಇಲ್ಲಿಗೆ ಬತ್ತದೆ. ನಿನ್ ಹೂವಿನ ಪುಡಿ ತಂದು ಇದಕ್ಕೆ ಬಳೀತದೆ. ಮುಂದಿನ ವರ್ಸ ಹುಟ್ಟೋದೆಲ್ಲ ಬೆರಕೆ."

ಸಿದ್ದರಾಜು ಒಂದು ಚೀಲವನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಇಷ್ಟೊಂದು ಚೀಲ ಎಲ್ಲಿ ಸಿಕ್ತು?"

"ನನ್ ನಿಶ್ಚಿತಾರ್ಥಕ್ಕೆ ತರ್ಸಿದ್ದು. ನೂರು. ಗಂಡಿನ ಕಡೆಯೋರು ಹಿಂದಿನ ದಿನ ಫೋನ್ ಮಾಡಿ ಬ್ಯಾಡ ಅಂದ್ರು."

ಹೇಳಿ, ಊರವರೆಲ್ಲ ಅನ್ನುವ 'ಪಾಪ' ಎಂಬ ಮಾತಿಗೆ ಕಾದಳು. ಅದು ಬರಲಿಲ್ಲ.

"ಚೀಲ ಗಟ್ಟಿಯಾಗವೆ," ಎಂದ.

ಗಗನ ಮದ್ದೂರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಜನರ ಕಣ್ಣು ನೋಡುವವಳು. ಸಿದ್ದರಾಜುವಿನ ಕಣ್ಣುಗಳಲ್ಲಿ ಕನಿಕರ ಇರಲಿಲ್ಲ. ನಡೆಯುತ್ತಿರುವ ಗಡಿಯಾರವನ್ನು ಬಿಚ್ಚಿ ನೋಡಬೇಕೆನ್ನುವವನ ಆಸೆ ಇತ್ತು.

"ಒಂದ್ ಮಾತು. ಹುಳಾನೇ ಒಳಕ್ಕೆ ಬರ್ದಿದ್ರೆ ಕಾಳು ಹೆಂಗ್ ಕಟ್ತದೆ?"

"ಕಟ್ತದೆ ಬುಡು," ಎಂದಳು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

ಕಟ್ಟಲಿಲ್ಲ. ಮೊದಲು ಒಣಗಿದ ಹೂಗಳನ್ನು ಬಿಡಿಸಿ ಉಗುರಲ್ಲಿ ಒತ್ತಿದರೆ ಎಲ್ಲ ಜೊಳ್ಳು. ಗಿಡದಲ್ಲಿ ಉಳಿದಿದ್ದು ಕೊನೆಯ ಸುತ್ತಿನ ಮೊಗ್ಗು ಮಾತ್ರ. ಅವಳು ಬೇಲಿಯ ಹತ್ತಿರ ಹೋಗಿ ಕೂಗಿದಳು.

"ಓಯ್, ನೀನ್ ಕೇಳಿದ್ದೇ ಸರಿ."

"ನಂಗೂ ಗೊತ್ತಿಲ್ದೇ ಕೇಳ್ದೆ ಕಣಮ್ಮಿ. ಹುಳದ ಕೆಲ್ಸ ನಾವೇ ಮಾಡಿದ್ರೆ?"

ಮತ್ತೆ ಚೀಲ ಕಟ್ಟಿದರು. ಹೂ ಅರಳಿದ ಮೇಲೆ ಎರಡು ಗಿಡದ ಎರಡು ಚೀಲ ಬಿಚ್ಚುವುದು, ಹೂವಿನ ಮುಖಕ್ಕೆ ಮುಖ ತಾಗಿಸಿ ಮೆಲ್ಲಗೆ ಉಜ್ಜುವುದು, ಜೇನುಹುಳ ಬರುವ ಮೊದಲೇ ಮತ್ತೆ ಗಂಟು ಹಾಕುವುದು. ಒಬ್ಬರ ಎರಡು ಕೈ ಸಾಲದು. ಹಾಗಾಗಿ ದಿನಾ ಬೆಳಿಗ್ಗೆ, ಗಗನ ಟ್ರೈನಿಗೆ ಹೊರಡುವ ಮುಂಚೆ, ಸಿದ್ದರಾಜು ಬೇಲಿ ಹಾರಿ ಬರತೊಡಗಿದ.

"ನಿನ್ ಕಣ್ಣು ಹೂವಿನ್ ಮೇಲಿರ್ಲಿ."

"ಹೂವಿನ್ ಮೇಲೇ ಅದೆ."

ಇರಲಿಲ್ಲ. ಯಾರು ಎತ್ತ ನೋಡುತ್ತಾರೆಂದು ತಿಳಿಯುವುದೇ ಅವಳ ಕೆಲಸ. ಆದರೂ ಸುಳ್ಳು ಎನ್ನಲಿಲ್ಲ. ಅವನ ಬೆರಳಿಗೆ ಹತ್ತಿದ ಮುತ್ತೈದೆ ಚೆಂಡಿನ ಪುಡಿ ಅವಳ ಮಣಿಕಟ್ಟಿಗೆ ಅಂಟಿತು. ಒರೆಸಿಕೊಳ್ಳದೆ ಅಂಗಡಿಗೆ ಹೋದಳು.

ಹಿತ್ತಲ ಜಗಲಿಯಲ್ಲಿ ಕಾಫಿ ಹೀರುತ್ತಿದ್ದ ಹೊಂಬಾಳಮ್ಮ ಒಂದು ದಿನ ಲೋಟ ಕೆಳಗಿಟ್ಟಳು. "ಅಲ್ಲಾ ಕಣಮ್ಮಿ, ಬೀದೀಲಿರೋ ಗಂಡೈಕಳ್ನೆಲ್ಲ ಅಣ್ಣಾ ಅಣ್ಣಾ ಅಂತೀಯಾ. ಇವುನ್ಗೆ ಮಾತ್ರ ಯಾಕ್ ಅಣ್ಣ ಇಲ್ಲ?"

ಗಗನಳ ಕಿವಿ ಬಿಸಿಯಾಯಿತು. ಸಿದ್ದರಾಜು ಕಟ್ಟಿದ ಗಂಟನ್ನೇ ಇನ್ನೊಮ್ಮೆ ಕಟ್ಟಿದ.

"ಸುಮ್ನಿರಜ್ಜಿ, ಟ್ರೈನಿಗೆ ಒತ್ತಾಯ್ತು."

"ಟ್ರೈನು ಎಲ್ಲೂ ಓಗಾಕಿಲ್ಲ ಬುಡು," ಎಂದು ಅಜ್ಜಿ ಲೋಟ ಎತ್ತಿಕೊಂಡಳು.

ಹೂಗಳು ಒಣಗಿ ಕಂದಾದ ಮೇಲೆ ಗಗನ ಮೊರದಲ್ಲಿ ಸುರಿದು ಬಿಡಿಸಿದಳು. ಕರೀ ಕಡ್ಡಿಯಂಥ ಬೀಜ, ತುದಿಗೆ ಬಿಳಿ ಕುಚ್ಚು. ಉಗುರು ಇಳಿಯಲಿಲ್ಲ. ಅಜ್ಜಿ ಒಂದನ್ನು ಹಲ್ಲಲ್ಲಿ ಕಡಿದು ನೋಡಿ, "ಗಟ್ಟಿ ಅದೆ," ಎಂದು ಒಳಗೆ ಹೋದಳು. ಹೋಗುವಾಗ ಬಾಗಿಲು ಮುಂದಕ್ಕೆಳೆದಳು.

ಸಿದ್ದರಾಜು ಖಾಲಿ ಚೀಲಗಳನ್ನು ಗುಡ್ಡೆ ಹಾಕುತ್ತಿದ್ದ. "ಈ ಚೀಲಾನೆಲ್ಲ ಒಗ್ದು ಮಡಗು."

"ಮುಂದಿನ ವರ್ಸದ ಬೀಜಕ್ಕಾ?"

"ಎಲೆ ಅಡ್ಕೆಗೆ."

ಅವಳ ಕೈಯಲ್ಲಿ ಮೊರ ನಿಂತಿತು. "ಯಾರ ಮನೇದು?"

"ನಮ್ದೂ ನಿಮ್ದೂ. ಭಾನುವಾರ ನಮ್ಮವ್ವನ್ನ ಕಳಿಸ್ಲಾ?"

ಗಗನ ಅವನ ಕಣ್ಣುಗಳನ್ನೇ ನೋಡಿದಳು. ಈ ಸಲ ಕೆಳಗೆ ನೋಡಿದ್ದು ಅವನು.

"ಹಿಂದಿನ ದಿನ ಫೋನ್ ಮಾಡ್ತೀಯಾ?"

"ಫೋನ್ ಯಾಕೆ? ಬೇಲಿ ಹಾರಿ ಬತ್ತೀನಿ."

"ಕಳ್ಸು," ಎಂದಳು. ನಗು ತಡೆದುಕೊಂಡು, ಬೀಜದ ಮೊರ ಪಕ್ಕಕ್ಕಿಟ್ಟು, ಕೆಂಪು ಚೀಲಗಳನ್ನು ಒಂದೊಂದಾಗಿ ಎಣಿಸತೊಡಗಿದಳು.

ನೂರರಲ್ಲಿ ಗಾಳಿಗೆ ಹಾರಿಹೋದವು ಎರಡು. ಇಲಿ ಕಡಿದದ್ದು ಮೂರು. ಅವಳ ಮುಖ ನೋಡುತ್ತ ಗಂಟು ಬಿಚ್ಚಲು ಹೋಗಿ ಸಿದ್ದರಾಜು ಹರಿದದ್ದು ಆರು. ಒಟ್ಟು ಹನ್ನೊಂದು ನಷ್ಟ. ಅಷ್ಟು ತರಿಸಿದರೆ ಮತ್ತೆ ನೂರು.