ಗಾಲಿಯ ಮೇಲಿನ ಮೂರು ಗೆರೆ

ಇಂಥ ಕಥೆ ಹೇಳಲು ನನಗಿಂತ ಬಲ್ಲವರಿದ್ದಾರೆ. ಆದರೂ ಬಾಯಿ ಹಾಕುತ್ತಿದ್ದೇನೆ. ಓದುವವರು ದೊಡ್ಡ ಮನಸ್ಸು ಮಾಡಬೇಕು.

೧೯೪೦ನೇ ಇಸವಿ. ಆಯುಧಪೂಜೆಯ ಮರುದಿನ ಬೆಳಿಗ್ಗೆ ರಾಯಕೋಟೆ ಸ್ಟೇಷನ್ನಿನ ಗೋದಾಮಿನ ಹಿಂದೆ ನಿಂತಿದ್ದ ಗೂಡ್ಸ್ ವ್ಯಾಗನ್ನಿನ ಟಾರ್ಪಾಲು ಬಿಚ್ಚಿದರೆ, ಹುಣಸೆಹಣ್ಣಿನ ಮೂಟೆಗಳಿಲ್ಲ. ಒಳಗೆಲ್ಲ ಹುಲ್ಲಿನ ಹೊರೆ.

ಸಿಕ್ಕಿಬಿದ್ದವನು ಕಾವಲುಗಾರ ಬಚ್ಚಪ್ಪ. ಬೇರೆ ಕಳ್ಳ ಸಿಗದಿದ್ದರೆ ಅವನಿಗೆ ಜೈಲು, ಹೆಂಡತಿ ಮಂಗಮ್ಮನಿಗೆ ಬೀದಿ. ರೈಲ್ವೆ ಪೊಲೀಸಿನ ದಫೇದಾರ ರಾಮಚಂದ್ರಪ್ಪನಿಗೆ ತನ್ನ ಬುದ್ಧಿಯ ಮೇಲೆ ಅಷ್ಟೇನೂ ನಂಬಿಕೆಯಿರಲಿಲ್ಲ. ಆದರೆ ಖಾತ್ರಿಯಾಗದೆ ಯಾರಿಗೂ ಕೋಳ ತೊಡಿಸುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತ.

"ಕಾವಲು ಬಿಟ್ಟು ಎಲ್ಲೋಗಿದ್ದೆಲಾ?"

"ಮದ್ಯಾನ ಹಬ್ಬದ ಊಟಕ್ಕೆ ಸಾಮಿ. ಬರೋವತ್ಗೆ ಗಾಡಿ ಇಲ್ಲೇ ಇತ್ತು, ಟಾರ್ಪಾಲು ಕಟ್ದಂಗೇ ಇತ್ತು."

"ಊಟ ಅಂದ್ರೆ ಎಷ್ಟೊತ್ತು?"

ಮಂಗಮ್ಮನೇ ಉತ್ತರ ಕೊಟ್ಟಳು. "ಒಬ್ಬಟ್ಟು ಇಕ್ಕಿದ್ರೆ ಬೇಗ ಏಳೋ ಆಸಾಮಿನಾ ಈವಯ್ಯ? ಉಂಡು ಅಲ್ಲೇ ಒರಗ್ಬುಟ್ಟ."

ಗೂಡ್ಸ್ ಗುಮಾಸ್ತ ನಾರಾಯಣಪ್ಪ ನಕ್ಕ. "ಗೋದಾಮಿನ ಹಿಂದಿಂದ ಈಚೆಗೆ ಬರೋಕೆ ಸ್ಟೇಷನ್ ಜಗಲಿ ಮುಂದೇನೇ ದಾರಿ. ಮಧ್ಯಾಹ್ನವೆಲ್ಲ ಜಗಲಿ ತುಂಬ ಜನ. ಒಂದು ಮೂಟೇನೂ ಯಾರೂ ಕಂಡಿಲ್ಲ. ರಾತ್ರಿ ಇವನೇ ಸಾಗಿಸಿದಾನೆ, ದಫೇದಾರ್ರೆ."

"ವ್ಯಾಗನ್ ಕದಲಿತ್ತಾ?"

"ಗಾಲಿಗೆ ಸರಪಳಿ, ಬೀಗ. ಬೀಗದ ಕೈ ನನ್ನ ಉಡಿದಾರದಲ್ಲೇ ಇತ್ತು. ಒಂದು ಗೇಣೂ ಕದಲಿಲ್ಲ."

ರಾಮಚಂದ್ರಪ್ಪ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಪೂಜೆಯ ಮೂರು ಬಿಳಿ ಗೆರೆಗಳು, ಮೇಲಿನಿಂದ ಕೆಳಕ್ಕೆ ನೆಟ್ಟಗೆ.

"ನಾಮ ಇಟ್ಟೋರು ಯಾರು?"

"ನಾಮ ಎಲ್ಲಿಂದ ಬಂತು ಸಾಮಿ?" ಬಚ್ಚಪ್ಪ ಮುಖ ಸಿಂಡರಿಸಿದ. "ನಾವು ಶಿವನ ಒಕ್ಕಲು. ನೆನ್ನೆ ಬೆಳಿಗ್ಗೆ ನಾನೇ ಈಬೂತಿ ಬಳಿದಿದ್ದು, ಅಡ್ಡಡ್ಡಕ್ಕೆ."

ರಾಮಚಂದ್ರಪ್ಪ ಮತ್ತೊಮ್ಮೆ ಬಗ್ಗಿ ನೋಡಿದ. ತಪ್ಪಿದರೆ? ಇಲ್ಲ— ತಪ್ಪಿಲ್ಲ. ಎದ್ದು ನಿಂತ.

"ಬೆಳಿಗ್ಗೆಯಿಂದ ಎಲ್ಲರೂ ಇದನ್ನ ನಾಮ ಅಂದ್ಕೊಂಡು ಸುಮ್ಮನಾದ್ವಿ. ಕಲಸಿದ ವಿಭೂತಿ ಸೋರಿದ ಗುರುತು ನೋಡಿ, ಪಕ್ಕಕ್ಕೆ ಹರಿದಿದೆ. ನೀರು ಪಕ್ಕಕ್ಕೆ ಸೋರುತ್ತಾ? ಬಳಿದ ಮೇಲೆ ಗಾಲಿ ಉರುಳಿದೆ. ಮೂಟೆ ಜಗಲಿ ಮುಂದೆ ಹೋಗಲಿಲ್ಲ— ಇವನು ಉಂಡು ಮಲಗಿದ್ದಾಗ ವ್ಯಾಗನ್ನೇ ಮೂಟೆ ಹೊತ್ತು, ಜಗಲಿಗೆ ಕಾಣದ ಹಳಿಯ ಆ ತುದಿಗೆ ಹೋಯಿತು. ಹುಲ್ಲು ತುಂಬಿಕೊಂಡು ವಾಪಸು ಬಂತು, ಆದರೆ ಮೊದಲಿದ್ದ ಜಾಗಕ್ಕಿಂತ ಒಂದು ಮೊಳ ಆಚೀಚೆ ನಿಂತಿತು. ಗಾಲಿ ಕಾಲು ಸುತ್ತು ತಿರುಗಿ ಅಡ್ಡಗೆರೆ ನೆಟ್ಟಗಾಯಿತು. ಸರಪಳಿ ಮುರಿದಿಲ್ಲ. ಬೀಗದ ಕೈ ಯಾರ ಉಡಿದಾರದಲ್ಲಿತ್ತು, ನಾರಾಯಣಪ್ಪನೋರೆ?"

ಗುಮಾಸ್ತನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕೋಳ ಆ ಕೈಗೇ ಬಿತ್ತು.

ತುಂಬಿದ ವ್ಯಾಗನ್ನನ್ನು ಒಬ್ಬನೇ ತಳ್ಳಲಾಗದು. ಹೆಗಲು ಕೊಟ್ಟವರು ಯಾರೆಂದು ನಾರಾಯಣಪ್ಪ ಕೊನೆಯವರೆಗೂ ಬಾಯಿ ಬಿಡಲಿಲ್ಲ. ರಾಮಚಂದ್ರಪ್ಪನಿಗೆ ಅದು ತಿಳಿಯಲಿಲ್ಲ. ನನಗೂ ತಿಳಿಯದು.