ಕೂಡಿಸಬಾರದ ಎಳೆ

“ಆ ವೈರು ತಾನಾಗೇ ಕಿತ್ತೋಗಿದ್ದಲ್ಲ, ಅಳಿಯಂದ್ರೆ. ನಾನೇ ಕತ್ತರಿಸಿದ್ದು. ಅದನ್ನ ಮಾತ್ರ ಕೂಡಿಸ್ಬೇಡಿ,” ಎಂದರು ಬನಶಂಕರಿ, ಹೊಸ್ತಿಲಾಚೆಯೇ ನಿಂತು.

ಶಶಿಕುಮಾರನಿಗೆ ನಗು ಬಂತು. ಸೀಮಂತ ಮುಗಿಸಿ, ಏಳು ತಿಂಗಳ ಬಸುರಿ ವಾಣಿಯನ್ನು ದೊಡ್ಡಬಳ್ಳಾಪುರದ ತವರಿಗೆ ಬಿಡಲೆಂದು ಬೆಂಗಳೂರಿನ ಕಬ್ಬನ್‌ಪೇಟೆಯಿಂದ ಬಂದವನು ಅವನು. ಮಲಗುವ ಮುಂಚೆ ಅವಳ ಹೊಟ್ಟೆಗೆ ಕೆನ್ನೆಯಿಟ್ಟು, ಕೂಸಿನ ಒದೆತ ತಿಂದೇ ನಿದ್ದೆ ಮಾಡುತ್ತಿದ್ದ. ಅಷ್ಟು ಸುಖ ಸಾಲದೇ? ಉಂಡು ಸುಮ್ಮನಿರಬಾರದಿತ್ತೇ? ವರ್ಷದಿಂದ ಮುಚ್ಚಿದ್ದ ಮುಂದಿನ ಕೋಣೆಯನ್ನು ಹೋಗಿ ತೆಗೆದಿದ್ದ. ಒಳಗೆ ಇಲಿ ಹಿಕ್ಕೆಯ ವಾಸನೆ, ಅದರಡಿ ಕೂದಲು ಸುಟ್ಟಂಥ ಇನ್ನೊಂದು ವಾಸನೆ. ಟಿ.ವಿ. ಕೆಳಗೆ ವಿಡಿಯೋ ಗೇಮಿನ ಪೆಟ್ಟಿಗೆ. ಅದಕ್ಕೆ ಸಿಕ್ಕಿಸಿದ್ದ ಕ್ಯಾಸೆಟ್ಟಿಗೆ ಕೆಂಪು ನೂಲು ಸುತ್ತಿತ್ತು. ಜಾಯ್‌ಸ್ಟಿಕ್ಕಿನ ವೈರು ಎರಡು ತುಂಡಾಗಿ ಬಿದ್ದಿತ್ತು.

ಬನಶಂಕರಿ ದನಿ ತಗ್ಗಿಸಿ ಹೇಳಿದರು. ಅವರ ಮಗ ಯೋಗಾನಂದ ಆ ಕೋಣೆಯಲ್ಲಿ ಕೇರಿಯವರಿಗೆಲ್ಲ ಗೇಮ್ ಆಡಿಸುತ್ತಿದ್ದ. ಆಡುವವನೇ ರಾಕ್ಷಸ ಮೃಗವಾಗಿ ಕಟ್ಟಡ ಕೆಡವಿ, ಕಿಟಕಿಯಿಂದ ಜನರನ್ನು ಎಳೆದು ತಿನ್ನುವ ಆಟ. ಅದೇ ಕೇರಿಯ ಮುನಿತಾಯಮ್ಮನ ಒಬ್ಬನೇ ಮಗ ಅದರ ಹುಚ್ಚು ಹಿಡಿಸಿಕೊಂಡು, ನಿದ್ದೆಗೆಟ್ಟು ಕರೆಂಟಿನ ಮಗ್ಗದ ಕೆಲಸಕ್ಕೆ ಹೋಗಿ, ಅದರ ಬೆಲ್ಟಿಗೆ ಸಿಕ್ಕಿ ಸತ್ತ. ಆಕೆ ಅಳಲಿಲ್ಲ. ಮಗನನ್ನು ಹೂತ ಗುಂಡಿಯ ಮಣ್ಣು ತಂದು ಪೆಟ್ಟಿಗೆಯ ಮೇಲೆ ಸುರಿದು, ಕ್ಯಾಸೆಟ್ಟಿಗೆ ನೂಲು ಸುತ್ತಿದಳು.

“‘ಇದನ್ನ ಆಡೋನು ತನ್ನ ಮನೆಯೋರನ್ನೇ ತಿನ್ಲಿ’ ಅಂದ್ಲು. ಯೋಗನೂ ಹಿಂಗೇ ನಕ್ಕ. ಅವತ್ತೇ ಆಡ್ದ. ಸೊಸೆ ರೂಪ ಊಟದ ತಟ್ಟೆ ಮುಂದೆ ಕೂತಂಗೇ ಹೋಗ್ಬಿಟ್ಲು. ಅವನೀಗ ಶಿವಗಂಗೆ ಕಡೆ ಎಲ್ಲೋ ಅಲೀತಾವ್ನಂತೆ. ಸೂಲಿಬೆಲೆಯಿಂದ ಮಂತ್ರ ಮಾಡೋ ಮುನಿಸ್ವಾಮಿಯೋರು ಬಂದು, ಆಚೆ ಎಸೆದ್ರೆ ಇನ್ನೊಂದು ಮನೆ ಹಾಳಾಗುತ್ತೆ, ವೈರು ಕಡಿದು ಇಲ್ಲೇ ಇಡಿ ಅಂದ್ರು.”

“ಹಾರ್ಟು ನಿಂತಿರುತ್ತೆ ಅತ್ತೆ. ಗೇಮು ಏನ್ ಮಾಡುತ್ತೆ?”

ನೇಕಾರರ ಮನೆಯಲ್ಲಿ ಎಳೆ ಕಡಿದರೆ ಹಾಗೇ ಬಿಡುವುದಿಲ್ಲ. ಉಣ್ಣುತ್ತಿದ್ದರೂ ಕೈ ತೊಳೆದು ಬಂದು ಗಂಟು ಹಾಕುತ್ತಾರೆ. ಆ ಮನೆಯಲ್ಲಿ ಕಡಿದೇ ಇರಬೇಕಾದ ಎಳೆ ಅದೊಂದೇ. ಶಶಿಕುಮಾರನವೋ, ಮೀಸೆ ಮೂಡುವ ಮೊದಲೇ ಎಳೆ ಕೂಡಿಸಲು ಕಲಿತ ಬೆರಳುಗಳು. ಅವು ಸುಮ್ಮನಿರಲಿಲ್ಲ.

ಮರುದಿನ ಮಧ್ಯಾಹ್ನ ಮಗ್ಗ ಓಡಿಸುವ ತ್ರೀ ಫೇಸ್ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತು ಕೇರಿ ಗವ್ ಎಂದಿತು. ಸಿಂಗಲ್ ಫೇಸಿನಲ್ಲಿ ಟಿ.ವಿ. ಓಡುತ್ತದೆ. ವಾಣಿ ಒಳಗೆ ಮಲಗಿದ್ದಳು, ಅತ್ತೆ ಹಿತ್ತಲಲ್ಲಿದ್ದರು. ಅವನು ಸದಾ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ನೂಲಿನ ಕತ್ತರಿಯಲ್ಲಿ ವೈರಿನ ಸಿಪ್ಪೆ ಸುಲಿದು, ಕೆಂಪಿಗೆ ಕೆಂಪು, ಹಳದಿಗೆ ಹಳದಿ ಹೊಸೆದ. ಸ್ವಿಚ್ ಹಾಕಿದ.

ಮೃಗ ಬಂತು. ಕಟ್ಟಡ ಹತ್ತಿತು, ಗೋಡೆ ಗುದ್ದಿತು. ಅವನಿಗೆ ಖುಷಿಯಾಯಿತು. ಪರದೆಯ ಮೇಲಂಚಿನಲ್ಲಿ ಮೃಗದ ಹೊಟ್ಟೆ ಎಷ್ಟು ತುಂಬಿದೆಯೆಂದು ತೋರಿಸುವ ಕೆಂಪು ಪಟ್ಟಿ ಕುಗ್ಗುತ್ತ ಬಂತು. ಎರಡನೇ ಊರಿನಲ್ಲಿ ಎತ್ತರದ ಕಟ್ಟಡಗಳಿರಲಿಲ್ಲ. ಹೆಂಚಿನ ಮನೆಗಳು. ಒಂದು ಬಾಗಿಲಿಗೆ ಬಾಡಿದ ಮಾವಿನ ತೋರಣ. ಸೀಮಂತಕ್ಕೆ ಈ ಮನೆಗೆ ಕಟ್ಟಿದ್ದೂ ಅಂಥದ್ದೇ. ಪಕ್ಕದಲ್ಲಿ ಕಿಟಕಿ. ಒಳಗೆ ಹಸಿರು ಸೀರೆಯ ಹೆಂಗಸು ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ್ದಳು.

ವಾಣಿ ಇವತ್ತು ಉಟ್ಟಿದ್ದು ಹಸಿರು ಸೀರೆ.

ಜಾಯ್‌ಸ್ಟಿಕ್ ಬಿಟ್ಟ. ಮೃಗ ನಿಲ್ಲಲಿಲ್ಲ. ಸ್ವಿಚ್ ಆರಿಸಿದ. ನಿಲ್ಲಲಿಲ್ಲ. ಪ್ಲಗ್ಗನ್ನೇ ಕಿತ್ತ. ಅದು ಕೈಗೆ ಬಂತು, ಟಿ.ವಿ. ಓಡುತ್ತಲೇ ಇತ್ತು. ಕೂದಲು ಸುಟ್ಟ ವಾಸನೆ ಗಂಟಲಿಗಿಳಿಯಿತು. ಪೆಟ್ಟಿಗೆಯಿಂದ ಹಸಿ ಮಣ್ಣು ಉದುರುತ್ತಿತ್ತು. ಕೆಂಪು ಪಟ್ಟಿ ಬರಿದಾಯಿತು. ಮೃಗದ ಕೈ ಕಿಟಕಿಯೊಳಗೆ ಹೋಯಿತು. ಸೊಂಟದಲ್ಲಿ ಕತ್ತರಿಯಿತ್ತು. ಎಳೆದ. ವೈರು ಹಿಡಿದ. ಕತ್ತರಿಸಿದ.

ಪರದೆ ಕಪ್ಪಾಯಿತು. ಕಪ್ಪಾಗುವ ಮುನ್ನ ಕೆಂಪು ಪಟ್ಟಿ ತುಂಬಿದ್ದನ್ನು ಅವನು ಕಂಡಿದ್ದ. ಆ ಕ್ಷಣದಲ್ಲಿ ಅದರ ಅರ್ಥ ಹೊಳೆಯಲಿಲ್ಲ.

“ಏನ್ರೀ, ಹಿಂಗ್ ಬೆವತಿದ್ದೀರ?”

ವಾಣಿ ಬಾಗಿಲಲ್ಲಿ ನಿಂತಿದ್ದಳು. ಕೆನ್ನೆಯ ಮೇಲೆ ಚಾಪೆಯ ಗೀರು. ಅವನು ಓಡಿಹೋಗಿ ತಬ್ಬಿಕೊಂಡು ಅತ್ತುಬಿಟ್ಟ. “ನೀನಿದ್ದೀಯಲ್ಲ, ಸಾಕು,” ಎಂದ.

“ನಂಗೇನಾಗಿದೆ?” ಎಂದು ಅವಳು ಅವನ ತಲೆ ಸವರಿದಳು. ಆಮೇಲೆ ಹೊಟ್ಟೆ ಮುಟ್ಟಿಕೊಂಡಳು. “ಬೆಳಗ್ಗಿಂದ ಒಂದೇ ಸಮ ಒದೀತಿತ್ತು ಕಣ್ರೀ. ಈಗ ಒಂದ್ಸಲ ಜೋರಾಗಿ ಎಳೆದಂಗಾಯ್ತು. ಆಮೇಲೆ ಸುಮ್ಮನಾಗ್ಬಿಡ್ತು.”

ತ್ರೀ ಫೇಸ್ ಬಂತು. ಹಿಂದಿನ ಶೆಡ್ಡಿನ ನಾಲ್ಕೂ ಮಗ್ಗ ಬಡಿಯತೊಡಗಿ ನೆಲ ಅದುರಿತು. ಅವನು ಮಂಡಿಯೂರಿ ಅವಳ ಹೊಟ್ಟೆಗೆ ಕೆನ್ನೆಯಿಟ್ಟ. ಅದುರುವುದು ನೆಲವೋ ಕೂಸೋ ತಿಳಿಯಲಿಲ್ಲ.

“ಮಗ್ಗ ನಿಲ್ಸಿ ಅತ್ತೆ.”

ಹಿತ್ತಲಿಂದ ಬಂದ ಬನಶಂಕರಿ ಅವನ ಕೈಯಲ್ಲಿದ್ದ ಕತ್ತರಿ ನೋಡಿದರು, ನೆಲದ ಮೇಲಿನ ವೈರು ನೋಡಿದರು. ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋದರು. ಒಂದು ಮಗ್ಗ ನಿಂತಿತು. ಎರಡು. ಮೂರು. ನಾಲ್ಕನೆಯದೂ ನಿಂತಿತು.

ಅವನು ಕೆನ್ನೆ ಒತ್ತಿಕೊಂಡೇ ಕೂತಿದ್ದ. ಒದೆತ ಬರಲಿಲ್ಲ.